ನಮ್ಮವರಿಗೆ ಕೋರ್ಟು, ಅವರವರಿಗೆ ರಾಜೀನಾಮೆ: ಮೂರೂ ಪಕ್ಷದ ಅಭಿಮಾನಿಗಳಿಗೆ ಮಂಡ್ಯದಿಂದ ಒಂದು ಬಹಿರಂಗ ಪತ್ರ

ಮಂಡ್ಯ, ಮೈಸೂರು ಸೀಮೆಯ ಕಾಂಗ್ರೆಸ್, ಜೆಡಿಎಸ್, ಬಿಜೆಪಿ ಅಭಿಮಾನಿಗಳಿಗೆ ನಮಸ್ಕಾರ.

ಈ ಪತ್ರ ನಾಯಕರಿಗಲ್ಲ. ಅವರಿಗೆ ಬರೆದರೆ ಓದೋದು ಪಿಎ, ಉತ್ತರ ಕೊಡೋದು ವಕೀಲರು. ಹಾಗಾಗಿ ನಿಮಗೇ ಬರೆಯುತ್ತಿದ್ದೇನೆ. ಅಣ್ಣನ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಕಟ್ಟಿಸುವವರು, ಸಮಾವೇಶಕ್ಕೆ ಊರಿಂದ ಬಸ್ಸು ತುಂಬಿಸಿ ಕಳಿಸುವವರು, ವಾಟ್ಸಾಪ್ ಗುಂಪಿನಲ್ಲಿ ರಾತ್ರಿ ಹನ್ನೊಂದಾದರೂ ನಾಯಕನ ಪರ ಜಗಳ ಆಡುವವರು, ಚುನಾವಣೆ ದಿನ ಬೂತಿನಾಚೆ ಬಿಸಿಲಲ್ಲಿ ಕೂತು ಚೀಟಿ ಬರೆದು ಕೊಡುವವರು ನೀವು. ಊರಲ್ಲಿ ಪಕ್ಷ ಅಂದರೆ ನೀವೇ. ನಮ್ಮ ಮನೆಯಲ್ಲೂ ಮೂರೂ ಪಕ್ಷ ಇವೆ. ಅಪ್ಪ ಕೊನೆವರೆಗೂ ಕಾಂಗ್ರೆಸ್. ಭಾವ ತೆನೆ ಹೊತ್ತ ಮಹಿಳೆ ಬಿಟ್ಟು ಬೇರೆ ಗುರುತಿನ ಕಡೆ ಕಣ್ಣೆತ್ತಿಯೂ ನೋಡಿದವರಲ್ಲ. ಅಕ್ಕನ ಮಗ ಕಮಲ. ಹಬ್ಬಕ್ಕೆ ಎಲ್ಲರೂ ಸೇರಿದರೆ ಬಾಡೂಟಕ್ಕೆ ಮೊದಲೊಂದು ಜಗಳ, ಊಟ ಆದಮೇಲೆ ಇನ್ನೊಂದು. ಆದ್ದರಿಂದ ಒಂದು ಪಕ್ಷದವನು ಇನ್ನೊಂದು ಪಕ್ಷದವರನ್ನು ಬೈಯಲು ಬರೆದ ಪತ್ರ ಇದು ಅಂದುಕೊಳ್ಳಬೇಡಿ.

ಈ ಮೂವರ ಬಾಯಲ್ಲೂ ನಾನು ಕೇಳುವುದು ಎರಡೇ ಮಾತು. ತಮ್ಮ ನಾಯಕನ ಮೇಲೆ ಆರೋಪ ಬಂದರೆ, "ಕೋರ್ಟು ತೀರ್ಮಾನ ಮಾಡ್ಲಿ ಬಿಡ್ಲಾ, ಎಫ್‌ಐಆರ್ ಆದೇಟ್ಗೆ ಕಳ್ಳ ಆಗೋಯ್ತಾನಾ?" ಎದುರು ಪಕ್ಷದವರ ಮೇಲೆ ಬಂದರೆ, "ಮಾನ ಮರ್ಯಾದೆ ಇದ್ರೆ ಇವತ್ತೇ ರಾಜೀನಾಮೆ ಬಿಸಾಕ್ಲಿ." ಎರಡು ಮಾತಿಗೂ ಅದರದರ ನ್ಯಾಯ ಇದೆ. ಆರೋಪ ಬಂದ ಮಾತ್ರಕ್ಕೆ ಯಾರೂ ಅಪರಾಧಿ ಅಲ್ಲ, ನಿಜ. ಅಧಿಕಾರದಲ್ಲಿ ಕೂತು ತನ್ನ ಮೇಲಿನ ತನಿಖೆಯನ್ನು ತಾನೇ ನೋಡಿಕೊಳ್ಳಬಾರದು, ಅದೂ ನಿಜ. ಆದರೆ ಯಾವ ಮಾತು ಯಾವಾಗ ಆಡಬೇಕು ಅನ್ನೋದನ್ನು ನಾವು ಆರೋಪ ನೋಡಿ ತೀರ್ಮಾನ ಮಾಡುತ್ತಿಲ್ಲ, ಶಾಲಿನ ಬಣ್ಣ ನೋಡಿ ಮಾಡುತ್ತಿದ್ದೇವೆ. ನಾಯಕ ಪಕ್ಷ ಬದಲಿಸಿದ ದಿನ ನಮ್ಮ ಮಾತುಗಳೂ ಆಚೆಯದು ಈಚೆಗೆ, ಈಚೆಯದು ಆಚೆಗೆ ಆಗಿಬಿಡುತ್ತವೆ. ಒಂದು ದಿನದ ಬಿಡುವೂ ಬೇಡ.

2024ರ ಆಗಸ್ಟ್ ನೆನಪಿದೆ ಅಲ್ವಾ? ಮುಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ ಸೈಟಿನ ಗಲಾಟೆ. ಕೆಸರೆಯ 3 ಎಕರೆ 16 ಗುಂಟೆ ಜಮೀನಿಗೆ ಬದಲಾಗಿ ಆಗ ಮುಖ್ಯಮಂತ್ರಿ ಆಗಿದ್ದ ಸಿದ್ದರಾಮಯ್ಯನವರ ಪತ್ನಿಗೆ ಮೈಸೂರಿನ ವಿಜಯನಗರದಲ್ಲಿ 14 ಸೈಟು ಕೊಟ್ಟಿದ್ದು ಸರಿಯೋ ತಪ್ಪೋ ಅನ್ನೋದು ಪ್ರಶ್ನೆ. ಬಿಜೆಪಿ, ಜೆಡಿಎಸ್ ಸೇರಿ ಆಗಸ್ಟ್ 3ರಂದು ಕೆಂಗೇರಿಯಿಂದ ಮೈಸೂರಿಗೆ ಪಾದಯಾತ್ರೆ ಹೊರಟರು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ. ಹೆದ್ದಾರಿ ಉದ್ದಕ್ಕೂ ಬಾವುಟ. ಅದಕ್ಕೆ ಎದುರಾಗಿ ಆಡಳಿತ ಪಕ್ಷವೂ ಸಮಾವೇಶ ಮಾಡಿತು, ಜನಾಂದೋಲನ ಅಂತ ಹೆಸರಿಟ್ಟು. ಸರ್ಕಾರ ನಡೆಸುವವರೇ ಜನಾಂದೋಲನ ಮಾಡಿದರೆ ಅದು ಯಾರ ವಿರುದ್ಧ ಅಂತ ಕೇಳಬೇಡಿ, ನನಗೂ ಆವತ್ತಿಂದ ಅರ್ಥ ಆಗಿಲ್ಲ. 9ನೇ ತಾರೀಕು ಮೈಸೂರಿನಲ್ಲಿ ಕಾಂಗ್ರೆಸ್ಸಿನವರದ್ದು, 10ನೇ ತಾರೀಕು ಪಾದಯಾತ್ರೆಯವರದ್ದು. ನಮ್ಮೂರಿಂದ ಎರಡಕ್ಕೂ ಬಸ್ಸು ಹೋಯಿತು. ಎರಡು ಬಸ್ಸಿನಲ್ಲೂ ಕೂತಿದ್ದ ಕೆಲವು ಮುಖ ಒಂದೇ ಆಗಿದ್ದವು ಅನ್ನೋದು ಬೇರೆ ಮಾತು.

ಆ ಪಾದಯಾತ್ರೆಗೆ ಮೊದಲು ನಡೆದದ್ದು ನೋಡಿ. ಕುಮಾರಸ್ವಾಮಿಯವರು ಮೊದಲು ನಾವು ಬರೋದಿಲ್ಲ ಅಂದರು. ಯಾಕೆ? ಮುಡಾ ವಿಷಯದಲ್ಲಿ ಏನೋ ಅನುಮಾನ ಇತ್ತು ಅಂತಲ್ಲ. ಹಾಸನದ ಪೆನ್‌ಡ್ರೈವ್ ವಿಷಯದಲ್ಲಿ (ಅದಕ್ಕೆ ಆಮೇಲೆ ಬರುತ್ತೇನೆ) ತಮಗೆ ಸಿಟ್ಟಿದ್ದ ಬಿಜೆಪಿ ನಾಯಕರೊಬ್ಬರು ಜೊತೆಗಿರುತ್ತಾರೆ ಅನ್ನೋ ಕಾರಣಕ್ಕೆ. ಆಮೇಲೆ ದೆಹಲಿಯಲ್ಲಿ ರಾಜಿ ಆಯಿತು, ಹೊರಟರು. ಪಾದಯಾತ್ರೆಗೆ ಚಾಲನೆ ಕೊಟ್ಟವರು ಯಡಿಯೂರಪ್ಪನವರು. ಅದಕ್ಕೆ ಸ್ವಲ್ಪ ದಿನ ಮುಂಚೆ, ಜೂನ್ ಕೊನೆಯಲ್ಲಿ, ಅವರ ಮೇಲಿನ ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ಪ್ರಕರಣದಲ್ಲಿ ಸಿಐಡಿ ಚಾರ್ಜ್‌ಶೀಟ್ ಹಾಕಿತ್ತು. ಅವರು ಆರೋಪ ಒಪ್ಪಿಲ್ಲ. ನಾನೂ ಅವರನ್ನು ಅಪರಾಧಿ ಅನ್ನುತ್ತಿಲ್ಲ. ಆದರೆ "ಆರೋಪ ಬಂದಿದೆ, ಕೆಳಗಿಳಿ" ಅನ್ನೋ ಮೆರವಣಿಗೆಗೆ ಆರೋಪ ಹೊತ್ತವರಿಂದಲೇ ಬಾವುಟ ಹಾರಿಸಿದಾಗ ನಮ್ಮಲ್ಲಿ ಒಬ್ಬರಿಗಾದರೂ ಒಂಥರಾ ಅನಿಸಬೇಕಿತ್ತು ಅಲ್ವಾ?

ಇನ್ನು ಮುಡಾ ಸೈಟು ಹಂಚಿಕೆ ಆಗಿದ್ದು ಯಾವ ಸರ್ಕಾರದಲ್ಲಿ? ಬಿಜೆಪಿ ಸರ್ಕಾರ ಇದ್ದಾಗ. ಆಗ ಮುಡಾದಲ್ಲಿ ಕೂತು ನಿರ್ಧಾರ ಮಾಡಿದವರ ಬಗ್ಗೆ ಪಾದಯಾತ್ರೆಯಲ್ಲಿ ಒಂದು ಘೋಷಣೆಯೂ ನನ್ನ ಕಿವಿಗೆ ಬೀಳಲಿಲ್ಲ. ಈ ಕಡೆ ಕಾಂಗ್ರೆಸ್ಸಿನವರು ಏನೂ ತಪ್ಪಾಗಿಲ್ಲ ಅನ್ನುತ್ತಲೇ ಇದ್ದರು. ಆಗಸ್ಟಿನಲ್ಲಿ ರಾಜ್ಯಪಾಲರು ಸಿದ್ದರಾಮಯ್ಯನವರ ಮೇಲೆ ತನಿಖೆಗೆ ಅನುಮತಿ ಕೊಟ್ಟರು. ಸೆಪ್ಟೆಂಬರ್ 24ಕ್ಕೆ ಹೈಕೋರ್ಟು ಅದನ್ನು ಎತ್ತಿ ಹಿಡಿಯಿತು. ಅಕ್ಟೋಬರ್ ಬರುತ್ತಿದ್ದ ಹಾಗೆ ಸೈಟುಗಳು ವಾಪಸ್. ತಪ್ಪೇ ಇಲ್ಲದಿದ್ದರೆ ವಾಪಸ್ ಯಾಕೆ, ವಾಪಸ್ ಕೊಡುವ ಮನಸ್ಸಿದ್ದರೆ ಮೂರು ತಿಂಗಳು ಕಿರುಚಾಡಿದ್ದು ಯಾಕೆ ಅಂತ ಒಬ್ಬ ಕಾರ್ಯಕರ್ತನೂ ಕೇಳಲಿಲ್ಲ. ಆಮೇಲೆ 2025ರ ಫೆಬ್ರವರಿಯಲ್ಲಿ ಲೋಕಾಯುಕ್ತ ಪೊಲೀಸರು ಮುಖ್ಯಮಂತ್ರಿ ಮತ್ತು ಪತ್ನಿ ವಿರುದ್ಧ ಸಾಕ್ಷ್ಯ ಇಲ್ಲ ಅಂದರು. ಜುಲೈನಲ್ಲಿ ಸುಪ್ರೀಂ ಕೋರ್ಟು ಪತ್ನಿಯ ವಿಷಯದಲ್ಲಿ ಇಡಿ (ಜಾರಿ ನಿರ್ದೇಶನಾಲಯ) ಮೇಲ್ಮನವಿಯನ್ನು ತಳ್ಳಿಹಾಕಿತು, ಇಡಿಗೆ ಚೆನ್ನಾಗಿ ಬೈದೇ ತಳ್ಳಿಹಾಕಿತು. ಈ ಕಡೆಯವರು ಪಟಾಕಿ ಹೊಡೆದರು, ಆ ಕಡೆಯವರು ಮಾತು ಬದಲಿಸಿದರು. ಸೈಟಿಗೆ ಅರ್ಜಿ ಹಾಕಿ ತಲೆ ಬೆಳ್ಳಗಾದ ಮೈಸೂರಿನ ಸಾಮಾನ್ಯ ಜನ ಮಾತ್ರ ಎರಡು ಕಡೆಯವರಿಗೂ ನೆನಪಾಗಲಿಲ್ಲ.

ಈ ಎಲ್ಲ ಗದ್ದಲದಲ್ಲಿ ನನಗೆ ನೆಟ್ಟಗೆ ಕಂಡ ಒಂದು ಮಾತು ಅಂದರೆ ಆ ವರ್ಷ ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟನೆ ದಿನ ಜಿ.ಟಿ. ದೇವೇಗೌಡರು ಆಡಿದ್ದು. ಅವರು ಜೆಡಿಎಸ್ ಶಾಸಕ. ಎಫ್‌ಐಆರ್ ಆದವರೆಲ್ಲ ರಾಜೀನಾಮೆ ಕೊಡಬೇಕು ಅಂದರೆ ನಮ್ಮ ಪಕ್ಷದಲ್ಲಿ ಎಫ್‌ಐಆರ್ ಆದವರೂ ಕೊಡಬೇಕಲ್ಲ ಅನ್ನೋ ಅರ್ಥದ ಮಾತು ಆಡಿದರು. ಅವರಿಗೆ ಅವರ ಲೆಕ್ಕಾಚಾರ ಏನಿತ್ತೋ ಗೊತ್ತಿಲ್ಲ, ರಾಜಕಾರಣಿ ಸುಮ್ನೆ ಏನೂ ಮಾತಾಡೋದಿಲ್ಲ. ಆದರೆ ಅಳತೆಗೋಲು ಒಂದೇ ಇರಲಿ ಅನ್ನೋ ಮಾತು ಆ ವೇದಿಕೆಯಲ್ಲಿ ಬಂತು. ಮಾರನೆ ದಿನ ಎಲ್ಲರೂ ಚರ್ಚೆ ಮಾಡಿದ್ದು ಆ ಮಾತು ಸರಿಯೋ ಅಂತಲ್ಲ, ಗೌಡರು ಕಾಂಗ್ರೆಸ್‌ಗೆ ಯಾವಾಗ ಹೋಗ್ತಾರೆ ಅಂತ.

ಪಾದಯಾತ್ರೆ ಅಂದೆ. 2010ರಲ್ಲಿ ಇದೇ ಸಿದ್ದರಾಮಯ್ಯನವರು ಅಕ್ರಮ ಗಣಿಗಾರಿಕೆ ವಿರುದ್ಧ ಬೆಂಗಳೂರಿಂದ ಬಳ್ಳಾರಿವರೆಗೆ ನಡೆದರು. ನಮ್ಮಪ್ಪ ಟಿವಿ ಮುಂದೆ ಕೂತು ಕೈ ತಟ್ಟುತ್ತಿದ್ದರು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಯಡಿಯೂರಪ್ಪನವರ ಕುರ್ಚಿ ಹೋಯಿತು, ಸೆಪ್ಟೆಂಬರಿನಲ್ಲಿ ಜನಾರ್ದನ ರೆಡ್ಡಿ ಜೈಲಿಗೆ ಹೋದರು. ಎಷ್ಟೊಂದು ಆಸೆ ಇತ್ತು ಆಗ! ಆಮೇಲೆ? ಗಣಿ ಕೇಸಿನಲ್ಲಿ ಜೈಲು ನೋಡಿ ಬಂದ ಬಳ್ಳಾರಿಯ ಶಾಸಕರನ್ನೇ 2018ರ ಚುನಾವಣೆ ಹೊತ್ತಿಗೆ ಕಾಂಗ್ರೆಸ್ಸು ಹಾರ ಹಾಕಿ ಕರೆದುಕೊಂಡಿತು. ಅವರಲ್ಲೊಬ್ಬರು ನಾಗೇಂದ್ರ. 2023ರಲ್ಲಿ ಮಂತ್ರಿಯಾದರು, 2024ರಲ್ಲಿ ವಾಲ್ಮೀಕಿ ನಿಗಮದ ಹಗರಣದಲ್ಲಿ ರಾಜೀನಾಮೆ ಕೊಟ್ಟರು, ಇಡಿ ಬಂಧಿಸಿತು, ಅಕ್ಟೋಬರಿನಲ್ಲಿ ಜಾಮೀನು ಸಿಕ್ಕಿತು, ನವೆಂಬರಿನ ಸಂಡೂರು ಉಪಚುನಾವಣೆಯಲ್ಲಿ ಕಾಂಗ್ರೆಸ್ಸು ಗೆದ್ದಿತು. ಪರಿಶಿಷ್ಟ ಪಂಗಡದವರ ದುಡ್ಡು ಹೋದದ್ದು, ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರದಲ್ಲೇ ಗೆದ್ದದ್ದು. ಆ ಕಡೆ ರೆಡ್ಡಿ ಸ್ವಂತ ಪಕ್ಷ ಕಟ್ಟಿ 2023ರಲ್ಲಿ ಗಂಗಾವತಿಯಲ್ಲಿ ಗೆದ್ದರು. ಅವರಿಗೂ ನಮಗೂ ಸಂಬಂಧ ಇಲ್ಲ ಅನ್ನುತ್ತಿದ್ದ ಬಿಜೆಪಿ 2024ರ ಮಾರ್ಚಿನಲ್ಲಿ, ಲೋಕಸಭೆ ಚುನಾವಣೆ ಹತ್ತಿರ ಬಂದಾಗ, ಮತ್ತೆ ಮನೆಗೆ ಸೇರಿಸಿಕೊಂಡಿತು. 2025ರ ಮೇನಲ್ಲಿ ಹೈದರಾಬಾದಿನ ಸಿಬಿಐ ಕೋರ್ಟು ಏಳು ವರ್ಷ ಶಿಕ್ಷೆ ಕೊಟ್ಟಿತು. ಜೂನಿನಲ್ಲಿ ತೆಲಂಗಾಣ ಹೈಕೋರ್ಟು ಅದನ್ನು ಅಮಾನತಿನಲ್ಲಿ ಇಟ್ಟಿತು.

ಲಕ್ಷ್ಮಣ ಸವದಿಯವರ ಕಥೆ ಇನ್ನೂ ಚೆಂದ. 2012ರಲ್ಲಿ ಸದನದಲ್ಲಿ ಮೊಬೈಲಿನಲ್ಲಿ ಅಶ್ಲೀಲ ವಿಡಿಯೋ ನೋಡಿದ ಆರೋಪದಲ್ಲಿ ರಾಜೀನಾಮೆ ಕೊಟ್ಟ ಮೂವರು ಮಂತ್ರಿಗಳಲ್ಲಿ ಒಬ್ಬರು. ಆಗ ಜೋರಾಗಿ ಕೂಗಿದ್ದು ಕಾಂಗ್ರೆಸ್ಸು. 2018ರಲ್ಲಿ ಜನ ಸೋಲಿಸಿದರು, 2019ರಲ್ಲಿ ಬಿಜೆಪಿ ಅವರನ್ನು ಉಪಮುಖ್ಯಮಂತ್ರಿ ಮಾಡಿತು. ಆಗಲೂ ಕೂಗಿದ್ದು ಕಾಂಗ್ರೆಸ್ಸು. 2023ರಲ್ಲಿ ಬಿಜೆಪಿ ಟಿಕೆಟ್ ಕೊಡಲಿಲ್ಲ, ಕಾಂಗ್ರೆಸ್ಸು ಕೊಟ್ಟಿತು, ಅಥಣಿಯಲ್ಲಿ ಗೆದ್ದರು. ಕೂಗಿದವರಿಗೆ ಗಂಟಲು ನೋವಾದದ್ದೇ ಲಾಭ.

ಇದನ್ನೆಲ್ಲ ಓದಿ "ಎಲ್ಲರೂ ಅಷ್ಟೇ ಕಣಣ್ಣ" ಅಂತ ಎದ್ದು ಹೋಗಬೇಡಿ. ಹಾಗೆ ಎದ್ದು ಹೋಗುವುದೇ ಅವರಿಗೆ ಬೇಕಾಗಿರೋದು. ಇನ್ನೊಂದು ಸಂಗತಿ ಕೇಳಿ, ಇದನ್ನು ನಾವು ಯಾರೂ ಗಮನಿಸಲಿಲ್ಲ. 2016ರ ಮಾರ್ಚಿನಲ್ಲಿ ಕಾಂಗ್ರೆಸ್ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ, ಎಸಿಬಿ, ಅಂತ ಹುಟ್ಟು ಹಾಕಿ ಲೋಕಾಯುಕ್ತದ ಹಲ್ಲು ಕಿತ್ತಿತು. ಭ್ರಷ್ಟರನ್ನು ಹಿಡಿಯುವ ದಳ ಮುಖ್ಯಮಂತ್ರಿಯ ಕೈಕೆಳಗೆ! ಬಿಜೆಪಿ 2018ರ ಪ್ರಣಾಳಿಕೆಯಲ್ಲೇ ಎಸಿಬಿ ತೆಗೆಯುತ್ತೇವೆ, ಲೋಕಾಯುಕ್ತಕ್ಕೆ ಬಲ ಕೊಡುತ್ತೇವೆ ಅಂತ ಬರೆಯಿತು. ಮಧ್ಯೆ ಕುಮಾರಸ್ವಾಮಿಯವರು ಒಂದು ವರ್ಷದ ಮೇಲೆ ಮುಖ್ಯಮಂತ್ರಿ ಆಗಿದ್ದರು, ಎಸಿಬಿ ಇದ್ದ ಹಾಗೇ ಇತ್ತು. 2019ರಲ್ಲಿ ಬಿಜೆಪಿ ಬಂತು, ಎಸಿಬಿ ಇದ್ದ ಹಾಗೇ ಇತ್ತು. ಕೊನೆಗೆ ಅದನ್ನು ತೆಗೆದದ್ದು 2022ರ ಆಗಸ್ಟಿನಲ್ಲಿ ಹೈಕೋರ್ಟು. ಮೂರು ಪಕ್ಷಕ್ಕೂ ಒಂದೊಂದು ಸರದಿ ಸಿಕ್ಕಿತ್ತು, ಮೂರೂ ಕೈ ಕಟ್ಟಿ ಕೂತವು. ಈ ಆರು ವರ್ಷದಲ್ಲಿ ಇದಕ್ಕೋಸ್ಕರ ಒಂದು ಪಾದಯಾತ್ರೆ ಆಯ್ತಾ? ನೀವಾದರೂ ನಿಮ್ಮ ನಾಯಕನ ಕಾರು ನಿಲ್ಲಿಸಿ ಕೇಳಿದಿರಾ? ಸೈಟು, ಪೆನ್‌ಡ್ರೈವು ಅಂದರೆ ಸುದ್ದಿ. ಹಿಡಿಯುವ ಪೊಲೀಸು ಯಾರ ಕೈಯಲ್ಲಿ ಇರಬೇಕು ಅನ್ನೋದು ಸಪ್ಪೆ. ಆದರೆ ಮೂರೂ ಪಕ್ಷ ಒಂದಾಗೋದು ಇಂಥ ಸಪ್ಪೆ ಜಾಗದಲ್ಲೇ.

ಹಾಸನದ ವಿಷಯಕ್ಕೆ ಬರುತ್ತೇನೆ. ಪಕ್ಕದ ಜಿಲ್ಲೆ, ನೆಂಟಸ್ತನ ಇರುವ ಜಿಲ್ಲೆ. 2024ರ ಏಪ್ರಿಲ್ 26ಕ್ಕೆ ಮತದಾನ. ಅದಕ್ಕೆ ಮೊದಲೇ, ಅಲ್ಲಿನ ಸಂಸದ, ಜೆಡಿಎಸ್ ಅಭ್ಯರ್ಥಿ ಪ್ರಜ್ವಲ್ ರೇವಣ್ಣ ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ಮಾಡಿದ್ದು ಅನ್ನಲಾದ ವಿಡಿಯೋಗಳ ಪೆನ್‌ಡ್ರೈವುಗಳು ಬಸ್‌ಸ್ಟ್ಯಾಂಡು, ಪಾರ್ಕು ಅಂತ ಬಿದ್ದಿದ್ದವು. ಮತದಾನ ಮುಗಿಯುತ್ತಿದ್ದ ಹಾಗೆ ಪ್ರಜ್ವಲ್ ಜರ್ಮನಿಗೆ. ಜೆಡಿಎಸ್ ಅವರನ್ನು ಅಮಾನತು ಮಾಡಿದ್ದು 30ಕ್ಕೆ, ವೋಟು ಬಿದ್ದು ನಾಲ್ಕು ದಿನದ ಮೇಲೆ. ಆದರೂ ಆರು ಲಕ್ಷಕ್ಕೂ ಜಾಸ್ತಿ ಜನ ವೋಟು ಹಾಕಿದ್ದರು, ಸೋತದ್ದು 42 ಸಾವಿರ ಚಿಲ್ಲರೆಯಿಂದ. ಹಾಕಿದವರಲ್ಲಿ ಎಷ್ಟೋ ಜನಕ್ಕೆ ವಿಷಯ ಗೊತ್ತಿರಲಿಲ್ಲ, ಎಷ್ಟೋ ಜನ ನಂಬಲಿಲ್ಲ. ಅವರನ್ನು ನಾನು ದೂರೋದಿಲ್ಲ. 2025ರ ಆಗಸ್ಟಿನಲ್ಲಿ ಅತ್ಯಾಚಾರ ಪ್ರಕರಣ ಒಂದರಲ್ಲಿ ಜೀವಾವಧಿ ಶಿಕ್ಷೆ ಆಯಿತು. ಮೇಲ್ಮನವಿಗೂ ಹೋಗಿದ್ದಾರೆ.

ನಾನು ಬರೆಯಬೇಕೆಂದಿರುವುದು ಬೇರೆ. ಆ ವಿಡಿಯೋಗಳು ನಮ್ಮೂರಿನ ಫೋನುಗಳಿಗೂ ಬಂದವು. ಹೆಣ್ಣುಮಕ್ಕಳ ಮುಖ ಮುಚ್ಚದೆ, ಹಾಗೇ. ಕಾಂಗ್ರೆಸ್ಸಿನವರು ಕಳಿಸಿದರು, "ನೋಡಿ ಇವ್ರ ಬಂಡವಾಳ" ಅಂತ. ಬಿಜೆಪಿಯವರೂ ಕಳಿಸಿದರು, ಒಳಗೊಳಗೇ. ಜೆಡಿಎಸ್‌ನವರೂ ಕಳಿಸಿದರು, "ಇದು ಎಡಿಟ್ ಮಾಡಿರೋದು" ಅಂತ ಸಾಬೀತು ಮಾಡೋಕೆ! ಹಂಚೋದೂ ಅಪರಾಧ ಅಂತ ಪೊಲೀಸರು ಹೇಳಿದ ಮೇಲೂ ನಿಲ್ಲಲಿಲ್ಲ. ಟೀ ಅಂಗಡಿ ಬೆಂಚಿನ ಮೇಲೆ ನಾಲ್ಕು ತಲೆ ಒಂದು ಫೋನಿನ ಮೇಲೆ ಬಗ್ಗಿರುತ್ತಿದ್ದವು. ಯಾರಾದರೂ ಹೆಂಗಸು ಹಾಲು ಹಾಕೋಕೆ ಡೈರಿ ಕಡೆ ಹೋದರೆ ಫೋನು ಜೇಬಿಗೆ, ಅವರು ದಾಟಿದ ಮೇಲೆ ಮತ್ತೆ ಆಚೆಗೆ. ಆ ಬೆಂಚಿನ ಮೇಲಿದ್ದ ಮಾತು ಇಷ್ಟೇ: ಇದರಿಂದ ಯಾರಿಗೆ ಎಷ್ಟು ಸೀಟು ಹೋಗುತ್ತೆ. ಆ ಹೆಣ್ಣುಮಕ್ಕಳಿಗೂ ಊರಿದೆ, ಮನೆಯಿದೆ, ಅವರ ಮಕ್ಕಳ ಕೈಯಲ್ಲೂ ಫೋನಿದೆ ಅನ್ನೋದು ಯಾರ ತಲೆಗೂ ಹೋಗಲಿಲ್ಲ. ನಾಯಕರ ಆಷಾಢಭೂತಿತನದ ಬಗ್ಗೆ ಎಷ್ಟು ಬೇಕಾದರೂ ಮಾತಾಡೋಣ. ಆ ಬೆಂಚಿನ ಮೇಲೆ ಒಬ್ಬನೇ ಒಬ್ಬ ನಾಯಕ ಇರಲಿಲ್ಲ.

ಈಗ ನೀವು ಕೇಳಬಹುದು, ಹಾಗಾದರೆ ಕೇಸು ಇರುವವರಿಗೆಲ್ಲ ವೋಟು ಹಾಕಬೇಡಿ ಅಂತೀರಾ ಅಂತ. ಇಲ್ಲ. ಮಂಡ್ಯದವನಾಗಿ ಹಾಗೆ ಹೇಳೋಕೆ ಆಗೋದಿಲ್ಲ. ಕಾವೇರಿ ಗಲಾಟೆಯಲ್ಲಿ ರಸ್ತೆಗೆ ಕೂತವರು, ಕಬ್ಬಿನ ಬಾಕಿಗೆ ಕಾರ್ಖಾನೆ ಗೇಟು ಹಿಡಿದವರು, ಎಲ್ಲರ ಮೇಲೂ ಕೇಸಿದೆ. ಹಳೆಯ ಐಪಿಸಿಯ 143, 147, 341, ಈ ನಂಬರುಗಳು ನಮ್ಮ ಕಡೆ ರೈತ ಹೋರಾಟಗಾರರಿಗೆ ಬಾಯಿಪಾಠ. ಅದು ಬೇರೆ, ವಂಚನೆಯ 420, ಅತ್ಯಾಚಾರದ 376 ಬೇರೆ. ಲೋಕಸಭೆಗೆ ಗೆದ್ದವರಲ್ಲಿ ಕ್ರಿಮಿನಲ್ ಕೇಸು ಘೋಷಿಸಿಕೊಂಡವರು 2009ರಲ್ಲಿ 162, 2014ರಲ್ಲಿ 185, 2019ರಲ್ಲಿ 233, 2024ರಲ್ಲಿ 251 ಅಂತ ಅಭ್ಯರ್ಥಿಗಳ ಆಣೆಪತ್ರ ಪರಿಶೀಲಿಸುವ ಎಡಿಆರ್ ಸಂಸ್ಥೆ ಲೆಕ್ಕ ಕೊಟ್ಟಿದೆ. 543ರಲ್ಲಿ 251. ಇದರಲ್ಲಿ ರಸ್ತೆ ತಡೆ ಕೇಸೂ ಸೇರಿದೆ, ಅದನ್ನು ಬಿಟ್ಟು ಗಂಭೀರ ಪ್ರಕರಣ ಇರುವವರೇ 170 ಜನ. ಕೇಸು ಇದೆಯಾ ಇಲ್ಲವಾ ಅಂತ ಎಣಿಸಿದರೆ ಸಾಲದು, ಯಾವ ಕೇಸು ಅಂತ ಓದಬೇಕು. ಡಿ.ಕೆ. ಶಿವಕುಮಾರ್ ಅವರು 2019ರ ಅಕ್ಟೋಬರಿನಲ್ಲಿ ತಿಹಾರದಿಂದ ಬಂದಾಗ ಕ್ರೇನಿನಲ್ಲಿ ಸೇಬಿನ ಹಾರ ಹಾಕಿದಿರಿ. ಆ ಇಡಿ ಕೇಸನ್ನು 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ಯಡಿಯೂರಪ್ಪನವರೂ ಗಣಿ ಕಿಕ್‌ಬ್ಯಾಕ್ ಕೇಸಿನಲ್ಲಿ 2016ರಲ್ಲಿ ಖುಲಾಸೆ ಆದರು. ಸರಿ, ಒಪ್ಪೋಣ. ಆದರೆ ನೀವು ಹಾರ ಹಾಕಿದ ದಿನ ಕೇಸು ಬಿದ್ದುಹೋಗುತ್ತದೆ ಅಂತ ನಿಮಗೆ ಗೊತ್ತಿರಲಿಲ್ಲವಲ್ಲ! ಜೈಲಿಂದ ಬಂದದ್ದಕ್ಕೇ ಹಾರ. ತಪ್ಪಿತಸ್ಥ ಆಗಿದ್ದರೂ ಹಾಕುತ್ತಿದ್ದಿರಿ. ಅದು ನಂಬಿಕೆ ಅಲ್ಲ, ಬೇರೇನೋ.

ಆ ಬೇರೇನೋ ಏನು ಅಂತ ನಮ್ಮ ಚಿಕ್ಕಮ್ಮನಿಂದ ನನಗೆ ಗೊತ್ತಾಯಿತು. ಚಿಕ್ಕಪ್ಪ ಹೋದ ಮೇಲೆ ಒಂದೂವರೆ ಎಕರೆಗೆ ಪೌತಿ ಖಾತೆ ಆಗಬೇಕಿತ್ತು. ಅರ್ಜಿ ಕೊಟ್ಟರು. ವಂಶವೃಕ್ಷ ಸರಿಯಿಲ್ಲ ಅಂತ ವಾಪಸ್ ಬಂತು. ಸರಿ ಮಾಡಿಸಿ ಕೊಟ್ಟರು. ಮರಣ ಪತ್ರದಲ್ಲಿ ಚಿಕ್ಕಪ್ಪನ ಹೆಸರಿನ ಇನಿಷಿಯಲ್ಲು ಪಹಣಿ ಜೊತೆ ತಾಳೆ ಆಗ್ತಿಲ್ಲ ಅಂತ ಮತ್ತೆ ವಾಪಸ್. ಅಲ್ಲಿ ಹೋಗಿ, ಇಲ್ಲಿ ಹೋಗಿ, ನಾಳೆ ಬಾ, ಸಾಹೇಬ್ರು ಮೀಟಿಂಗು. ಕೊನೆಗೆ ಊರಿನ ಮುಖಂಡರೊಬ್ಬರನ್ನು ಹಿಡಿದು ಒಬ್ಬ ನಾಯಕರ ಮನೆಗೆ ಹೋದರು. ಅವರ ಮೇಲೆ ಇರುವ ಕೇಸು ಸಣ್ಣದಲ್ಲ, ಹೆಸರು ಬೇಡ. ಅವರ ಹುಡುಗ ಒಂದು ಫೋನು ಮಾಡಿದ. ಆ ವಾರದಲ್ಲೇ ಖಾತೆ ಆಯಿತು. ಅದೇ ಇನಿಷಿಯಲ್ಲು, ಅದೇ ವಂಶವೃಕ್ಷ. ಚುನಾವಣೆ ಬಂದಾಗ ನಾನು ಹೇಳಿದೆ, ಚಿಕ್ಕಮ್ಮ, ಆ ಮನುಷ್ಯನ ಮೇಲೆ ಹಿಂಗಿಂಗೆ ಕೇಸಿದೆ ಅಂತ. ಅವರು ನನ್ನ ಮುಖ ನೋಡಿ, "ಅವ್ರ ಕೇಸು ಕಟ್ಕಂಡು ನಂಗೇನ್ ಆಗ್ಬೇಕ್ ಮಗ, ನನ್ ಖಾತೆ ಮಾಡಿಸ್ಕೊಟ್ರಲ್ಲ. ನೀನ್ ಮಾಡಿಸ್ಕೊಟ್ಟಾ?" ಅಂದರು. ನನ್ನ ಬಾಯಿ ಕಟ್ಟಿತು.

ಚಿಕ್ಕಮ್ಮನದ್ದು ಕುರುಡು ಅಭಿಮಾನ ಅಲ್ಲ, ಪಕ್ಕಾ ಲೆಕ್ಕಾಚಾರ. ನಾಲೆ ತೂಬಿನ ಕೀಲಿ ಯಾರ ಕೈಯಲ್ಲಿದೆಯೋ ಅವನಿಗೆ ಕೊನೆ ಭಾಗದ ರೈತ ಕೈ ಮುಗಿದೇ ಮುಗಿಯುತ್ತಾನೆ, ಅವನ ನಡತೆ ಕೇಳೋಕೆ ಹೋಗೋದಿಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಖಾತೆ ಆಗೋಕೆ ನಾಯಕರ ಫೋನು ಯಾಕೆ ಬೇಕು? ನಮ್ಮ ರಾಜ್ಯದಲ್ಲಿ 2012ರಿಂದ ಸಕಾಲ ಕಾಯ್ದೆ ಜಾರಿಯಲ್ಲಿದೆ. ಇಂಥ ಕೆಲಸಕ್ಕೆ ಇಷ್ಟು ದಿನ ಅಂತ ಗಡುವು ಇದೆ. ಅರ್ಜಿಗೆ ಜಿಎಸ್‌ಸಿ ಸಂಖ್ಯೆ, ಅಂದರೆ ಸಕಾಲ ಸಂಖ್ಯೆ, ಕೊಡಬೇಕು. ತಡ ಆದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿವರೆಗೆ, ಅರ್ಜಿದಾರರಿಗೆ ಪರಿಹಾರ ಸಿಗಬೇಕು, ಅದೂ ತಪ್ಪು ಮಾಡಿದ ನೌಕರರಿಂದ ವಸೂಲಿ ಆಗಿ. ಯಾವ ಪಕ್ಷದ ಯಾವ ನಾಯಕ ತನ್ನ ಸಭೆಯಲ್ಲಿ ಇದನ್ನು ಹೇಳಿಕೊಟ್ಟಿದ್ದಾನೆ? ಹೇಳಿಕೊಟ್ಟರೆ ಬೆಳಿಗ್ಗೆ ಅವನ ಮನೆ ಮುಂದೆ ಜನ ಸೇರೋದಿಲ್ಲ. ಜನ ಸೇರದಿದ್ದರೆ ಜೈಲಿಂದ ಬಂದಾಗ ಹಾರ ಹಾಕೋಕೂ ಯಾರೂ ಇರೋದಿಲ್ಲ.

ಇದರ ಜೊತೆಗೆ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ. 2016ರಲ್ಲಿ ಚುನಾವಣೆ ಆಗಿತ್ತು. 2021ಕ್ಕೆ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ಎಳೆದರು. ಬಿಜೆಪಿ ಸರ್ಕಾರವೂ ಎಳೆಯಿತು, ಕಾಂಗ್ರೆಸ್ ಸರ್ಕಾರವೂ ಎಳೆಯಿತು. ಮೊದಲು ಊರಿನವರು ಜಿಲ್ಲಾ ಪಂಚಾಯಿತಿ ಮೆಂಬರನ್ನು ಹಿಡಿಯುತ್ತಿದ್ದರು, ತಾಲ್ಲೂಕು ಮೆಂಬರನ್ನು ಬೈಯುತ್ತಿದ್ದರು. ಆ ಮೆಟ್ಟಿಲುಗಳೇ ಹೋದವು. ಆಮೇಲೆ ಗ್ರಾಮ ಪಂಚಾಯಿತಿ ಬಿಟ್ಟರೆ ನೇರ ಎಂಎಲ್‌ಎ. ಎಲ್ಲ ಫೋನೂ ಒಂದೇ ಮನೆಯಿಂದ ಹೋಗಬೇಕು. ಆ ಮನೆಯವರ ಮೇಲೆ ಎಂಥ ಕೇಸಿದ್ದರೆ ಏನು?

ನಮ್ಮ ಹಳೆಯ ಕಾಲದವರು ಹೀಗಿರಲಿಲ್ಲ ಅಂತ ಕೆಲವರು ಹೇಳುತ್ತಾರೆ. ಪೂರ್ತಿ ನಿಜ ಅಲ್ಲ. ಹುಣಸೂರಿನ ದೇವರಾಜ ಅರಸರ ಮೇಲೆ ಭ್ರಷ್ಟಾಚಾರದ ಆರೋಪ ಬಂದು 1977ರಲ್ಲಿ ಗ್ರೋವರ್ ಆಯೋಗ ಕೂತಿತ್ತು. ಅದೇ ವರ್ಷ ಡಿಸೆಂಬರ್ 31ಕ್ಕೆ ಸರ್ಕಾರ ವಜಾ ಆಯಿತು, ಎರಡು ತಿಂಗಳೊಳಗೆ ಜನ ಅವರನ್ನೇ ಮತ್ತೆ ಗೆಲ್ಲಿಸಿದರು. ಗೇಣಿದಾರನಿಗೆ ಭೂಮಿ ಬಂದಿತ್ತು, ಹಿಂದುಳಿದವರಿಗೆ ಮೀಸಲಾತಿ ಬಂದಿತ್ತು. ಆ ಜನಕ್ಕೆ ಕೃತಜ್ಞತೆ ತೋರಿಸೋಕೆ ಕಾರಣ ಇತ್ತು. ಆದರೆ ಒಂದು ವ್ಯತ್ಯಾಸ ಇದೆ. ಅರಸರ ಕಾಲದಲ್ಲಿ ಭೂಮಿ ಬಂದದ್ದು ಕಾನೂನಿನಿಂದ. ಗೇಣಿದಾರ ಯಾವ ಪಕ್ಷಕ್ಕೆ ವೋಟು ಹಾಕಿದ್ದರೂ ಭೂನ್ಯಾಯ ಮಂಡಳಿಗೆ ಅರ್ಜಿ ಹಾಕಬಹುದಿತ್ತು. ಚಿಕ್ಕಮ್ಮನ ಖಾತೆ ಬಂದದ್ದು ಫೋನಿನಿಂದ. ಅದು ಕೇಳಿದವರಿಗೆ ಮಾತ್ರ, ಕೈ ಮುಗಿದವರಿಗೆ ಮಾತ್ರ. ರಾಮಕೃಷ್ಣ ಹೆಗಡೆಯವರನ್ನೂ ದೊಡ್ಡ ಉದಾಹರಣೆ ಮಾಡುತ್ತಾರೆ. 1986ರಲ್ಲಿ ಸಾರಾಯಿ ಬಾಟ್ಲಿಂಗ್ ವಿಷಯದಲ್ಲಿ ಕೊಟ್ಟ ರಾಜೀನಾಮೆಯನ್ನು ಅವರು ಮೂರು ದಿನದಲ್ಲಿ ವಾಪಸ್ ತೆಗೆದುಕೊಂಡಿದ್ದರು. 1988ರಲ್ಲಿ ಟೆಲಿಫೋನ್ ಕದ್ದಾಲಿಕೆ ವಿಷಯದಲ್ಲಿ ಮಾತ್ರ ನಿಜವಾಗಿ ಹೋದರು.

ಮತದಾರ ಶಿಕ್ಷೆ ಕೊಡೋದೇ ಇಲ್ಲ ಅಂತಲೂ ಅಲ್ಲ. 2019ರ ಡಿಸೆಂಬರಿನಲ್ಲಿ ಒಂದೇ ದಿನ ಎರಡು ಉಪಚುನಾವಣೆ ನಮ್ಮ ಕಡೆ ನಡೆದವು. ಕೆ.ಆರ್. ಪೇಟೆಯ ನಾರಾಯಣಗೌಡ, ಹುಣಸೂರಿನ ಎಚ್. ವಿಶ್ವನಾಥ್, ಇಬ್ಬರೂ ಜೆಡಿಎಸ್‌ನಿಂದ ಗೆದ್ದು, ಸರ್ಕಾರ ಬೀಳಿಸಿ, ಅನರ್ಹರಾಗಿ, ಬಿಜೆಪಿಯಿಂದ ನಿಂತವರು. ಪೇಟೆಯಲ್ಲಿ ಗೆಲ್ಲಿಸಿದರು, ಮಂತ್ರಿಯೂ ಆದರು. ಹುಣಸೂರಿನಲ್ಲಿ ಸೋಲಿಸಿದರು. ಸೋತವರನ್ನು ಆಮೇಲೆ ವಿಧಾನ ಪರಿಷತ್ತಿಗೆ ನಾಮಕರಣ ಮಾಡಿದರು ಅನ್ನೋದು ನಮ್ಮ ತೀರ್ಪಿಗೆ ಪಕ್ಷಗಳು ಕೊಡೋ ಬೆಲೆ. ಮಂಡ್ಯ ಜಿಲ್ಲೆಯೂ ಒಂದೇ ಕಡೆ ಅಂಟಿಕೊಂಡು ಕೂತ ಜಿಲ್ಲೆಯಲ್ಲ. 2018ರಲ್ಲಿ ಏಳಕ್ಕೆ ಏಳು ಜೆಡಿಎಸ್, 2023ರಲ್ಲಿ ಒಂದೇ ಒಂದು. ಬದಲಾಯಿಸೋದು ನಮಗೆ ಗೊತ್ತು. ಆದರೆ ಯಾವಾಗ ಬದಲಾಯಿಸಿದರೂ ಹಗರಣ ಕಾರಣ ಆಗಿದ್ದು ಕಡಿಮೆ.

ಇಷ್ಟೆಲ್ಲ ಬರೆದು ನಿಮ್ಮನ್ನು ಕೇಳೋದು ಏನು? ಪಕ್ಷ ಬಿಡಿ ಅಂತಲ್ಲ. ಇದ್ದಲ್ಲೇ ಇರಿ. ಎದುರು ಪಕ್ಷದವರು ನೂರು ಸಲ ಕೂಗಿದರೂ ನಿಮ್ಮ ನಾಯಕನಿಗೆ ಏನೂ ಆಗೋದಿಲ್ಲ, ಅದು ಅವನಿಗೆ ಅಭ್ಯಾಸ ಆಗಿದೆ. ಬೂತಿನಾಚೆ ಚೀಟಿ ಬರೆಯುವ ನೀವು ಒಂದು ಸಲ ಕೇಳಿದರೆ ಅವನಿಗೆ ಆವತ್ತು ನಿದ್ದೆ ಬರೋದಿಲ್ಲ. ಕೇಳಬೇಕಾದ ಹೊತ್ತು ವೋಟಿನ ದಿನ ಅಲ್ಲ, ಟಿಕೆಟ್ ಹಂಚುವ ದಿನ. ವೋಟಿನ ದಿನ ನಿಮ್ಮ ಮುಂದೆ ಇರೋದು ಎರಡು ಮೂರು ಹೆಸರು, ಅಷ್ಟೊತ್ತಿಗೆ ಆಟ ಮುಗಿದಿರುತ್ತದೆ.

ಇದಕ್ಕೆ ನಿಮ್ಮ ಕೈಯಲ್ಲಿ ಕಾನೂನೂ ಇದೆ. ಕ್ರಿಮಿನಲ್ ಕೇಸು ಇರುವವರಿಗೆ ಟಿಕೆಟ್ ಕೊಟ್ಟರೆ ಯಾಕೆ ಕೊಟ್ಟೆವು, ಕೇಸು ಇಲ್ಲದವರು ಯಾಕೆ ಸಿಗಲಿಲ್ಲ ಅಂತ ಪಕ್ಷ ಬರೆದು ಪ್ರಕಟಿಸಬೇಕು ಅಂತ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಭ್ಯರ್ಥಿ ಆಯ್ಕೆ ಆದ 48 ಗಂಟೆಯೊಳಗೆ, ಸಿ-7 ಅನ್ನೋ ನಮೂನೆಯಲ್ಲಿ. "ಗೆಲ್ಲುವ ಕುದುರೆ" ಅನ್ನೋದೊಂದೇ ಕಾರಣ ಸಾಲದು ಅಂತಲೂ ಹೇಳಿದೆ. ಬಿಹಾರ ಚುನಾವಣೆಯಲ್ಲಿ ಇದನ್ನು ಸರಿಯಾಗಿ ಪಾಲಿಸಲಿಲ್ಲ ಅಂತ 2021ರಲ್ಲಿ ಬಿಜೆಪಿ, ಕಾಂಗ್ರೆಸ್ ಎರಡಕ್ಕೂ ತಲಾ ಒಂದು ಲಕ್ಷ ದಂಡ ಬಿತ್ತು. ಒಂದು ಲಕ್ಷ! ಒಂದು ಸಮಾವೇಶದ ಬಿರಿಯಾನಿ ಖರ್ಚಿಗೂ ಸಾಲದು. ಪತ್ರಿಕೆಯ ಒಳಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಆ ಪ್ರಕಟಣೆ ಬರುತ್ತದೆ, ಸೆಕ್ಷನ್ ನಂಬರು ಬಿಟ್ಟು ಬೇರೇನೂ ಅರ್ಥ ಆಗದ ಹಾಗೆ. ಕಾರಣದ ಕಾಲಂನಲ್ಲಿ "ಜನಪ್ರಿಯ, ಸಮಾಜಸೇವಕ, ಕೇಸು ರಾಜಕೀಯ ಪ್ರೇರಿತ" ಅಂತ ಇರುತ್ತದೆ. ಒಂದು ಸಲ ಆ ಕಾಗದ ಹಿಡಿದು ನಿಮ್ಮ ತಾಲ್ಲೂಕು ಅಧ್ಯಕ್ಷರ ಹತ್ತಿರ ಹೋಗಿ. ಅಣ್ಣ, ಈ ಕಾರಣ ಯಾರು ಬರೆದದ್ದು, ನಮ್ಮನ್ನು ಕೇಳಿ ಬರೆದಿರಾ ಅಂತ ಕೇಳಿ. ಬೈಯುತ್ತಾರೆ. ಬೈಯಲಿ, ನೀವು ಹೊರಗಿನವರೇನಲ್ಲವಲ್ಲ.

ಹಾಗೇ, ಅಭ್ಯರ್ಥಿ ನಾಮಪತ್ರದ ಜೊತೆ ಕೊಡುವ ಆಣೆಪತ್ರ (ಅಫಿಡವಿಟ್), ಅಂದರೆ ಫಾರಂ 26, ಚುನಾವಣಾ ಆಯೋಗದ ವೆಬ್‌ಸೈಟಿನಲ್ಲೇ ಎಲ್ಲರದ್ದೂ ಸಿಗುತ್ತದೆ. ಫೋನಿನಲ್ಲೇ ಓದಬಹುದು. ಆಸ್ತಿ, ಸಾಲ, ಕೇಸು, ಎಲ್ಲ ಇದೆ. ಮೊದಲು ನಿಮ್ಮವರದ್ದನ್ನು ತೆಗೆದು ಓದಿ. ಎದುರು ಪಕ್ಷದವರದ್ದನ್ನು ಹುಡುಕೋದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಸಣ್ಣ ಕೆಲಸ. ಊರಿನಲ್ಲಿ ಯಾರಾದರೂ ಖಾತೆ, ಪಿಂಚಣಿ, ಜಾತಿ ಪ್ರಮಾಣಪತ್ರ ಅಂತ ನಿಮ್ಮ ಹತ್ತಿರ ಬಂದರೆ, ನಾಯಕರ ಮನೆಗೆ ಕರೆದುಕೊಂಡು ಹೋಗೋದಕ್ಕೆ ಮೊದಲು ಅವರ ಸಕಾಲ ಸಂಖ್ಯೆ ಕೇಳಿ. ಸಂಖ್ಯೆ ಕೊಟ್ಟಿಲ್ಲ ಅಂದರೆ ಅವರ ಜೊತೆ ಕಚೇರಿಗೆ ಹೋಗಿ ಕೊಡಿಸಿ. ಗಡುವು ದಾಟಿದ್ದರೆ ಮೇಲ್ಮನವಿ ಬರೆದುಕೊಡಿ. ನಿಮ್ಮ ಪಕ್ಷದ ಶಾಲು ಹಾಕಿಕೊಂಡೇ ಹೋಗಿ, ಬೇಡ ಅನ್ನೋದಿಲ್ಲ. ಚಿಕ್ಕಮ್ಮನ ಎರಡನೇ ಜಮೀನಿನದ್ದು, ಹತ್ತು ಗುಂಟೆ, ಇನ್ನೂ ಬಾಕಿ ಇದೆ. ಈ ಸಲ ಅರ್ಜಿ ನಾನೇ ಬರೆದು ಕೊಟ್ಟಿದ್ದೇನೆ, ಸಂಖ್ಯೆಯೂ ಬಂದಿದೆ. ಭಾವನಿಗೂ, ಅಕ್ಕನ ಮಗನಿಗೂ ಜೊತೆಗೆ ಬನ್ನಿ ಅಂದಿದ್ದೇನೆ. ಯಾರು ಬರುತ್ತಾರೋ ನೋಡಬೇಕು.

ಇಂತಿ,
ಮಂಡ್ಯ ತಾಲ್ಲೂಕಿನ ಒಬ್ಬ ಕಬ್ಬು ಬೆಳೆಗಾರ